ಕೋಳಿ ಹೆಜ್ಜೆ ಓದುತ್ತಿದ್ದ ಸ್ಟೋ ಕಾಕಾ

ಸ್ಟೋ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ಅವರು ನಮಸ್ಕಾರ ಹೇಳುತ್ತಿರಲಿಲ್ಲ. ಏನು ಕೆಟ್ಟಿದೆ ಎಂದೂ ಕೇಳುತ್ತಿರಲಿಲ್ಲ. ಮೊದಲ ಪ್ರಶ್ನೆ ಒಂದೇ: “ತಿಕ್ಕೀರೇನು?”

ತಿಕ್ಕಿದ್ದೇವೆ ಎಂದು ಹೆಮ್ಮೆಯಿಂದ ಹೇಳಿದರೆ ಅವರ ಮುಖ ಗಂಟಾಗುತ್ತಿತ್ತು. ಇಲ್ಲ, ಮಸಿ ಹಾಗೇ ಇದೆ ಎಂದು ನಾಚಿಕೊಂಡು ಹೇಳಿದರೆ ಸ್ಟೂಲು ಎಳೆದು ಕೂರಿಸಿ ಚಹಾ ತರಿಸುತ್ತಿದ್ದರು. ನಮ್ಮ ಕಡೆಯ ಹೆಂಗಸರಿಗೆ ಹಿತ್ತಾಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಅಮಾವಾಸ್ಯೆ ಬಂತು ಎಂದರೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕೊಡ, ತಂಬಿಗೆ, ದೀಪದ ಸಮೆ, ಜೊತೆಗೆ ಸ್ಟೋ. ಐವತ್ತು ವರ್ಷ ಹೀಗೆ ತಿಕ್ಕಿದರೆ ಹಿತ್ತಾಳೆ ಕನ್ನಡಿಯಾಗುತ್ತದೆ, ಅದರ ಮೇಲಿದ್ದ ಗುರುತುಗಳೆಲ್ಲ ಹೊಗೆಯಂತೆ ಹೋಗಿಬಿಡುತ್ತವೆ. ಆ ಗುರುತುಗಳನ್ನು ಓದುವುದೇ ಅವರ ಬದುಕಿನ ಕಡೆಯ ಇಪ್ಪತ್ತೈದು ವರ್ಷಗಳ ಕೆಲಸವಾಗಿತ್ತು.

ಕೊಪ್ಪಳದಲ್ಲಿ ಎಲ್ಲರೂ ಅವರನ್ನು ಸ್ಟೋ ಕಾಕಾ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಎಂಬತ್ತು ದಾಟಿತ್ತು. ಹಳೆಯ ಮಿಲಿಟರಿ ಸ್ಟೋ ಹುಡುಕುವುದು, ಅದು ನಿಜವಾಗಿ ಮಿಲಿಟರಿಯದೇ ಎಂದು ಗುರುತು ಹಿಡಿಯುವುದು, ಇಂಥದ್ದೊಂದು ವಿದ್ಯೆ ಉಂಟೆಂದು ನಮ್ಮ ನಾಲ್ಕು ತಾಲ್ಲೂಕಿಗೆ ಗೊತ್ತಾದದ್ದೇ ಅವರಿಂದ. ಅವರ ಜೀವನಚರಿತ್ರೆ ನನಗೆ ಗೊತ್ತಿಲ್ಲ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಆಗ ಸಿರಿಂಜು, ಸೂಜಿ, ಕತ್ತರಿಗಳನ್ನು ಕುದಿಸಿಯೇ ಬಳಸಬೇಕಿತ್ತು. ವಾರ್ಡಿಗೆ ಎರಡು ಪಂಪ್ ಸ್ಟೋ. ಬೆಳಿಗ್ಗೆ ಏಳಕ್ಕೆ ನೀರು ಕುದಿಯಬೇಕು. ಏಳೂ ಹತ್ತಕ್ಕೆ ಕುದಿದರೆ ಡಾಕ್ಟರ ರೌಂಡು ಹತ್ತು ನಿಮಿಷ ತಡ, ಆ ಹತ್ತು ನಿಮಿಷಕ್ಕೆ ಉತ್ತರ ಕೊಡಬೇಕಾದವಳು ನಾನು. ಹಾಗಾಗಿ ಪ್ರತಿ ಶನಿವಾರ ಮಧ್ಯಾಹ್ನ ಎರಡಕ್ಕೆ ಸ್ಟೋ ನೋಡಲು ಅವರು ಬರಬೇಕೆಂದು ಗೊತ್ತು ಮಾಡಿದ್ದೆ. ಮೊದಲ ಶನಿವಾರ ಹತ್ತು ನಿಮಿಷ ಮುಂಚೆ ಬಂದರು. ಇನ್ನೂ ಎರಡಾಗಿಲ್ಲ, ಹೊರಗೆ ನಿಲ್ಲಿ ಎಂದೆ. ಮುಖ ಕೆಡಿಸಿಕೊಳ್ಳಲಿಲ್ಲ. ಬಿಸಿಲಲ್ಲಿ ನಿಂತರು. ಗಡಿಯಾರ ಎರಡು ಹೊಡೆಯಿತು, ಒಳಗೆ ಬಂದು ಕೈ ತೊಳೆದು, “ಎಲ್ಲಿ ಅದಾನ್ರಿ ಪೇಷಂಟು?” ಎಂದರು. ಅಂದಿನಿಂದ ನಮಗೆ ಹೊಂದಿಕೆಯಾಯಿತು.

ಸಣಕಲು ದೇಹ. ಎರಡು ಜೇಬಿನ ಖಾಕಿ ಅಂಗಿ. ಒಂದು ಜೇಬಿನಲ್ಲಿ, ಎಣ್ಣೆ ಚಿಮ್ಮುವ ಸಣ್ಣ ತೂತಿನ ನಿಪ್ಪಲ್‌ಗೆ ಚುಚ್ಚುವ ಪಿನ್ನುಗಳು, ಇನ್ನೊಂದರಲ್ಲಿ ದಾರ ಕಟ್ಟಿದ ಕನ್ನಡಕ. ಬಲಗೈ ಹೆಬ್ಬೆರಳು ಸುಟ್ಟು ಸುಟ್ಟು ನುಣುಪಾಗಿ, ಗೆರೆಗಳೇ ಇರಲಿಲ್ಲ. ರೇಶನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಅದಕ್ಕೆ ಅವರಿಗೆ ಬೇಸರವಿರಲಿಲ್ಲ. “ನನ್ನ ಗುರುತು ಅಳಿಸೇತಿ. ಉಳದವ್ರದು ಓದಾಕ ಎಡಗೈ ಐತಲ್ಲ,” ಎನ್ನುತ್ತಿದ್ದರು. ನಿಜವಾಗಿ, ಕಣ್ಣಿಗೆ ಕಾಣದ ಗೀರನ್ನು ಎಡ ಹೆಬ್ಬೆರಳಿನಿಂದ ತಡವಿ ಹೇಳುತ್ತಿದ್ದರು.

ಕುದಿಸುವ ಸಿರಿಂಜು ಹೋಗಿ ಒಮ್ಮೆ ಬಳಸಿ ಎಸೆಯುವ ಸಿರಿಂಜು ಬಂತು. ಮನೆಮನೆಗೆ ಗ್ಯಾಸ್ ಬಂತು. ನನ್ನ ವಾರ್ಡಿನ ಸ್ಟೋ ಅಟ್ಟ ಸೇರಿದವು, ಅವರ ಗಿರಾಕಿಗಳು ಕರಗಿದರು. ಬೇರೆಯವರಾಗಿದ್ದರೆ ಅಂಗಡಿಯಲ್ಲಿ ಮೊಬೈಲ್ ಕವರ್ ತೂಗುಹಾಕುತ್ತಿದ್ದರು. ಅದೇ ಹೊತ್ತಿಗೆ ಗಂಗಾವತಿಯ ಒಂದು ಗುಜರಿ ರಾಶಿಯಲ್ಲಿ ಅವರಿಗೊಂದು ಸ್ಟೋ ಸಿಕ್ಕಿತು. ತಗಡಿನ ಪೆಟ್ಟಿಗೆಯೊಳಗೆ ಕಾಲು ಮಡಚಿ ಕೂತಿತ್ತು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನಿಲ್ಲಿಸಿದರೆ ಅದೇ ಗಾಳಿಗೆ ಅಡ್ಡ. ಮೂರು ದಿನ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಹಾಕಿ ಹೊತ್ತಿಸಲು ನೋಡಿದರು. ಹೊಗೆ ಬಂತೇ ಹೊರತು ನೀಲಿ ಉರಿ ಬರಲಿಲ್ಲ. “ಮೂರ ದಿನ ನನ್ನ ಮರ್ಯಾದಿ ಕಳೀತ್ರಿ ಸಿಸ್ಟರ್,” ಎಂದು ನನ್ನೆದುರು ಒಪ್ಪಿಕೊಂಡರು. ನಾಲ್ಕನೆಯ ದಿನ ನಿಪ್ಪಲ್ ಬಿಚ್ಚಿ ತೂತು ಅಳೆದಾಗ ತಿಳಿಯಿತು: ಅದು ಚಿಮಣಿ ಎಣ್ಣೆಯದಲ್ಲ, ಪೆಟ್ರೋಲಿನ ಸ್ಟೋ. ಪೆಟ್ರೋಲು ತುಂಬುವ ಟಾಕಿಯ ತಳದಲ್ಲಿ ಒಂದು ಬಾಣದ ಮುದ್ರೆ, ಮೂರು ಗೀರು ಒಂದು ತುದಿಗೆ ಕೂಡಿದ್ದು, ಥೇಟ್ ಕೋಳಿ ಹೆಜ್ಜೆ. ಬ್ರಿಟಿಷರ ಸೈನ್ಯದ ಸಾಮಾನಿಗೆಲ್ಲ ಆ ಮುದ್ರೆ ಇರುತ್ತಿತ್ತು ಎಂದು ನಿವೃತ್ತ ಸೈನಿಕರೊಬ್ಬರು ಹೇಳಿದರಂತೆ. ಅಲ್ಲಿಂದ ಇವರಿಗೆ ಈ ಹುಚ್ಚು ಹಿಡಿಯಿತು ನೋಡಿ.

ಅವರ ಕಾಯಿದೆ ಸರಳ. ಕೋಳಿ ಹೆಜ್ಜೆ ಇರಬೇಕು, ಪೆಟ್ಟಿಗೆಯ ಮೂಲೆಯಲ್ಲಾದರೂ ಹಸಿರು ಬಣ್ಣ ಉಳಿದಿರಬೇಕು, ನಿಪ್ಪಲ್ ಅಳತೆ ಕೂಡಬೇಕು. ಮೂರಕ್ಕೆ ಮೂರೂ ಕೂಡಿದರೆ ಮಿಲಿಟರಿಯದು. ಎರಡು ಕೂಡಿದರೆ ‘ಇರಬಹುದು’. ಒಂದೇ ಕೂಡಿದರೆ “ಚಾ ಕುಡದು ಹೋಗ್ರಿ”.

ಗಂಗಾವತಿಯ ಹೋಟೆಲ್ ಮಾಲೀಕರೊಬ್ಬರು ಒಮ್ಮೆ ಕಾರಿನಲ್ಲಿ ಬಂದರು. ರೇಶಿಮೆ ಬಟ್ಟೆಯಲ್ಲಿ ಸುತ್ತಿದ ಸ್ಟೋ.

“ನಿಜಾಮರ ಫೌಜಿನದು ಕಾಕಾ. ನಮ್ಮ ಮುತ್ಯಾ ತಂದದ್ದು. ಹೋಟೆಲ್‌ನ್ಯಾಗ ಗಾಜಿನ ಪೆಟಗ್ಯಾಗ ಇಡಾಂವ ಅದೀನಿ. ನೀವ ಒಂದ ಮಾತು ಹೌದಂತ ಬರದು ಕೊಡ್ರಿ.”

ಕಾಕಾ ಕನ್ನಡಕ ಹಾಕಿಕೊಂಡು ತಳ ನೋಡಿದರು. ಮತ್ತೆ ಒರೆಸಿ ನೋಡಿದರು. “ಸಾವಕಾರ್ರ, ನಿಜಾಮರ ಕಾಲಕ್ಕ ಪಿನ್ ಕೋಡ್ ಇತ್ತೇನ್ರಿ?”

ತಯಾರಿಸಿದವರ ವಿಳಾಸದ ಕೊನೆಗೆ ಆರು ಅಂಕಿ ಅಚ್ಚಾಗಿದ್ದವು. ಸಾವಕಾರರು ಬೆವರು ಒರೆಸಿಕೊಂಡು, “ಸಣ್ಣ ಅಕ್ಷರ ಅದಾವ, ಯಾರ ನೋಡ್ತಾರ ಬಿಡ್ರಿ,” ಎಂದರು. “ನಾ ನೋಡೀನಲ್ರಿ,” ಎಂದು ಕಾಕಾ ರೇಶಿಮೆ ಬಟ್ಟೆಯನ್ನು ನೀಟಾಗಿ ಮಡಚಿ ವಾಪಸು ಕೊಟ್ಟರು.

ಹುಡುಕಾಟಕ್ಕೆ ಅವರ ದೊಡ್ಡ ಬಯಲು ಹುಲಿಗಿ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಊರೂರಿನ ಮಂದಿ ಬಂದು ಹೊಳೆಯ ದಂಡೆಯಲ್ಲಿ ಅಡಿಗೆ ಮಾಡುತ್ತಾರೆ. ಮನೆಯಲ್ಲಿ ಗ್ಯಾಸ್ ಇದ್ದವರೂ ಅವತ್ತು ಅಟ್ಟದಿಂದ ಹಳೆಯ ಸ್ಟೋ ಇಳಿಸಿ ತರುತ್ತಾರೆ. ಹೀಗಾಗಿ ಮನೆಮನೆ ಅಲೆದರೂ ಕಾಣದ ಸ್ಟೋಗಳೆಲ್ಲ ಒಂದೇ ಬೆಳಿಗ್ಗೆ, ಒಂದೇ ದಂಡೆಯಲ್ಲಿ, ಉರಿಯುತ್ತ ಸಿಗುತ್ತಿದ್ದವು. ಕಾಕಾ ಕೈ ಹಿಂದೆ ಕಟ್ಟಿಕೊಂಡು ಸಾಲು ಸಾಲು ನೋಡುತ್ತ ಹೋಗುವುದು ನಮ್ಮ ಡಾಕ್ಟರ ರೌಂಡಿನಂತೆಯೇ ಇರುತ್ತಿತ್ತು. ಒಮ್ಮೆ ನಾನೂ ಜೊತೆಗಿದ್ದೆ. ಹೋಳಿಗೆ ಬೇಯಿಸುತ್ತಿದ್ದ ಹೆಂಗಸೊಬ್ಬಳು ಗದರಿದಳು: “ಏನ್ ಮುದುಕಪ್ಪ, ಗುಡಿ ಆ ಕಡೆ ಐತಿ. ದೇವ್ರನ್ನ ಬಿಟ್ಟು ನನ್ನ ಒಲಿ ನೋಡಾಕತ್ತೀಯಲ್ಲ!”

“ಗುಡಿಗೇ ಹೊಂಟಿದ್ನವ್ವಾ. ತಾಯಿನ ಅಂದ್ಲು, ಮೊದ್ಲ ಆಕಿ ಒಲಿ ಬುಡ ನೋಡಿ ಬಾ ಅಂತ.”

ಆಕೆ ನಕ್ಕು ಬಿಸಿ ಹೋಳಿಗೆ ಕೊಟ್ಟಳು. ಸ್ಟೋ ಮಾತ್ರ ಮಿಲಿಟರಿಯದಾಗಿರಲಿಲ್ಲ. ಹೋಳಿಗೆ ತಿಂದ ಮೇಲೂ ಅವರು ಹಾಗೇ ಹೇಳಿದರು.

ಅಳವಂಡಿಯ ಮೂವರು ಅಣ್ಣತಮ್ಮಂದಿರ ಪ್ರಸಂಗವಂತೂ ನಮ್ಮ ಕಡೆ ಮಾತ್ರ ಆಗಬಹುದಾದದ್ದು. ಹೊಲ, ಮನೆ, ಎತ್ತು ಪಾಲಾದ ಮೇಲೆ ಉಳಿದದ್ದು ಅಜ್ಜನ ಮಿಲಿಟರಿ ಸ್ಟೋ. ಯಾರೂ ಬಿಡಲೊಲ್ಲರು. ಪಂಚರು ಅದನ್ನೂ ಮೂರು ಪಾಲು ಮಾಡಿದರು: ಹಿರಿಯನಿಗೆ ಪೆಟ್ಟಿಗೆ, ನಡುವಿನವನಿಗೆ ಟಾಕಿ, ಕಿರಿಯನಿಗೆ ಬರ್ನರ್. ಹಿರಿಯ ಪೆಟ್ಟಿಗೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡ. ನಡುವಿನವನು ಟಾಕಿಯನ್ನು ಬಾಗಿಲಿಗೆ ಒತ್ತು ಕೊಟ್ಟ. ಕಿರಿಯ ಏನು ಮಾಡಬೇಕೆಂದು ತಿಳಿಯದೆ ದೇವರ ಜಗುಲಿಯಲ್ಲಿಟ್ಟ. ಹನ್ನೊಂದು ವರ್ಷದಿಂದ ಮೂವರಿಗೂ ಮಾತಿಲ್ಲ. ಸುದ್ದಿ ಕೇಳಿ ಹೋದ ಕಾಕಾ ಯಾರ ಪಾಲನ್ನೂ ಕೇಳಲಿಲ್ಲ. “ಒಂದ ತಾಸು ಕೊಡ್ರಿ, ಉರದು ನೋಡೂಣು. ನಿಮ್ಮ ನಿಮ್ಮದನ್ನ ನೀವ ಕಾಯಕೊಂಡು ಕುಂದರ್ರಿ,” ಎಂದರು. ಮೂವರೂ ತಮ್ಮ ತಮ್ಮ ಪಾಲಿನ ಕಾವಲಿಗೆ ಬಂದು ಕೂತರು. ಸ್ಟೋ ಜೋಡಿಸಿ ಪಂಪ್ ಹೊಡೆದಾಗ ಉರಿ ಗುಂಯ್ ಎಂದಿತು, ನೀಲಿಯಾಗಿ ನಿಂತಿತು. ಅದರ ಮೇಲೆ ಕಾಯಿಸಿದ ಚಹಾವನ್ನು ಮೂವರೂ ಕುಡಿದರು. ಆಮೇಲೆ ಬಿಚ್ಚಿಸಿಕೊಂಡು ತಮ್ಮ ತಮ್ಮ ಮನೆಗೆ ಹೋದರು. ಮಾತು ಶುರುವಾಯಿತೇ ಎಂದು ಕೇಳಿದೆ. “ಇಲ್ರಿ. ಆದ್ರ ಸಕ್ಕರಿ ಕಡಿಮಿ ಆತು ಅಂತ ಮೂರೂ ಮಂದಿ ಒಮ್ಮೆಲೆ ಅಂದ್ರು,” ಎಂದರು.

ಇವೆಲ್ಲ ಅವರ ಸಣ್ಣ ಗೆಲುವುಗಳು. ದೊಡ್ಡದು ಗಂಗವ್ವನ ಸ್ಟೋ.

ಗಂಗವ್ವ ನಮ್ಮ ಆಸ್ಪತ್ರೆಯ ಆಯಾ. ನನಗಿಂತ ಐದಾರು ವರ್ಷ ದೊಡ್ಡವಳು, ನನಗಿಂತ ಮೊದಲೇ ನಿವೃತ್ತಳಾದವಳು. ಯಲಬುರ್ಗಾ ತಾಲ್ಲೂಕಿನ ಒಂದು ಊರು. ಅವಳ ತಂದೆ ಯಮನಪ್ಪ, ನಮ್ಮ ಸೀಮೆ ಇನ್ನೂ ನಿಜಾಮರ ಕೈಯಲ್ಲಿದ್ದಾಗ, ಊರು ಬಿಟ್ಟು ನಾಲ್ಕೈದು ವರ್ಷ ನಾಪತ್ತೆಯಾಗಿದ್ದ. ದೊಡ್ಡ ಯುದ್ಧ ಮುಗಿದ ಮೇಲೆ ಒಂದು ಸ್ಟೋ ಹಿಡಿದುಕೊಂಡು ವಾಪಸು ಬಂದ. ಗದಗಿಗೆ ನಡೆದು ಹೋಗಿ ಬ್ರಿಟಿಷರ ಮಿಲಿಟರಿ ಸೇರಿದ್ದೆ, ಬರ್ಮಾದ ಕಡೆ ಲಾರಿ ಹೊಡೆದೆ ಎಂದು ಹೆಂಡತಿಗೆ ಹೇಳಿದ್ದನಂತೆ. ರಜಾಕಾರರ ಗದ್ದಲದಲ್ಲಿ ಹೆದರಿದ ಆಕೆ ಮನೆಯಲ್ಲಿದ್ದ ಕಾಗದಪತ್ರವನ್ನೆಲ್ಲ ಒಲೆಗೆ ಹಾಕಿದಳು. ಗಂಗವ್ವ ಆರು ವರ್ಷದವಳಿದ್ದಾಗ ಯಮನಪ್ಪ ತೀರಿಕೊಂಡ. ಉಳಿದದ್ದು ಊರಿನ ಮಾತು: ಮಿಲಿಟರಿಯೂ ಇಲ್ಲ ಏನೂ ಇಲ್ಲ, ಬಾಂಬೆಯ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ಹೋಗಿದ್ದ, ಅಲ್ಲಿನ ಸ್ಟೋ ಎತ್ತಿಕೊಂಡು ಬಂದ. ಶಾಲೆಯಲ್ಲಿ ಅವಳನ್ನು ಕಪ್ಪು ಬಸಿ ಯಮನಪ್ಪನ ಮಗಳು ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಐದು ವರ್ಷದ ಹಿಂದೆ ಆ ಊರಿನವರು ಸೈನ್ಯಕ್ಕೆ ಹೋದವರ ಹೆಸರುಗಳನ್ನು ಕೆತ್ತಿ ಶಾಲೆಯ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಲು ಹೊರಟರು. ಸ್ವಾತಂತ್ರ್ಯ ದಿನಕ್ಕೆ ಅದನ್ನು ತೆರೆಯುವುದು ಎಂದು ಗೊತ್ತಾಯಿತು. ಅದರ ಮುಖ್ಯಸ್ಥರು ಒಬ್ಬ ನಿವೃತ್ತ ಹವಾಲ್ದಾರರು. ಗಂಗವ್ವ ಹೋಗಿ ಅಪ್ಪನ ಹೆಸರು ಸೇರಿಸಿ ಎಂದಳು. ಹವಾಲ್ದಾರರು ಕೆಟ್ಟವರಲ್ಲ, ನಿಯಮದವರು. “ಯವ್ವಾ, ಕಲ್ಲಿನ ಮ್ಯಾಲೆ ಬರದದ್ದನ್ನ ಒರಸಾಕ ಬರಂಗಿಲ್ಲ. ಒಂದ ಕಾಗದ ತೋರ್ಸು, ನಾನ ಮುಂದ ನಿಂತು ಕೆತ್ತಸ್ತೀನಿ,” ಎಂದರು. ಹಿಂದಿನಿಂದ ಯಾರೋ, “ಕಾಗದ ಇಲ್ಲ, ಕಪ್ಪು ಬಸಿ ತೋರಸ್ತಾಳ ತಡೀರಿ,” ಎಂದರಂತೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ನನ್ನ ಬಾಗಿಲಲ್ಲಿದ್ದಳು. ಕಂಕುಳಲ್ಲಿ ಸ್ಟೋ. ಎಂಟೂವರೆಗೆ ನಾವು ಕಾಕಾರ ಅಂಗಡಿಯಲ್ಲಿದ್ದೆವು.

“ತಿಕ್ಕೀರೇನು?”

ಕೇಳುವ ಅಗತ್ಯವೇ ಇರಲಿಲ್ಲ. ಟಾಕಿಯಲ್ಲಿ ನಮ್ಮ ಮೂವರ ಮುಖವೂ ಕಾಣುತ್ತಿತ್ತು. ಹಸಿರು ಬಣ್ಣ ಎಂಬುದು ಪೆಟ್ಟಿಗೆಯ ತಿರುಗಣೆಯ ಸಂದಿಯಲ್ಲಿ ಮಾತ್ರ ಉಳಿದಿತ್ತು.

“ತಿಕ್ಕದ ಇರ್ತಾರೇನ್ರಿ ಅಣ್ಣಾರ? ಅಮಾಸಿಗೊಮ್ಮೆ ತಪ್ಪಿಲ್ಲ. ಒಂದ ಕಲಿ ಇರಬಾರದು, ಇದ್ರ ಮತ್ತ ತಿಕ್ಕು ಅಂತ ಈ ಸಿಸ್ಟರ್‍ನ ಕಲಸ್ಯಾರ.”

ಕಾಕಾ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ. ಮೂವತ್ತು ವರ್ಷ ವಾರ್ಡಿನ ಟ್ರೇಗಳನ್ನು ಹೀಗೆ ತಿಕ್ಕಿಸಿದವಳು ನಾನೇ. ಅದೇ ಕೈ ಮನೆಗೆ ಹೋಗಿ ಅಪ್ಪನ ಗುರುತನ್ನೂ ತಿಕ್ಕಿತ್ತು.

ಅವರು ಕೆಲಸ ಶುರು ಮಾಡಿದರು. ಚಿಮಣಿ ದೀಪ ಹಚ್ಚಿ, ಟಾಕಿಯ ತಳವನ್ನು ಅದರ ಹೊಗೆಗೆ ಹಿಡಿದು ಕಪ್ಪಾಗಿಸಿದರು. ಹಳೆಯ ಪಂಜೆಯ ತುಂಡಿನಿಂದ ಹಗುರಾಗಿ, ಕೂಸಿನ ಮುಖ ಒರೆಸಿದಂತೆ ಒರೆಸಿದರು. ಮೇಲಿನ ಮಸಿ ಹೋಯಿತು. ತಗ್ಗಿನಲ್ಲಿ ಕೂತದ್ದು ಉಳಿಯಿತು. ಆಮೇಲೆ ಬಾಗಿಲಿಗೆ ಬಂದು, ಓರೆಯಾಗಿ ಬೀಳುತ್ತಿದ್ದ ಬೆಳಗಿನ ಬಿಸಿಲಿಗೆ ಹಿಡಿದು, ಇಷ್ಟಿಷ್ಟೇ ತಿರುಗಿಸಿದರು. ನಿಪ್ಪಲ್ ಅಳೆದರು.

“ಮಿಲಿಟರಿದ ಹೌದು,” ಎಂದರು ಕೊನೆಗೆ. “ಲಾರಿ ಹೊಡಿಯೋರಿಗೆ ಕೊಡ್ತಿದ್ದ ನಮೂನಿ.”

ಗಂಗವ್ವ ಸ್ಟೋಗೇ ಕೈ ಮುಗಿದಳು.

“ತಡೀ ಯವ್ವಾ, ಇನ್ನೂ ಮುಗದಿಲ್ಲ. ಇಲ್ಲಿ ಒಂದ ಕೋಳಿ ಹೆಜ್ಜಿ ಅಲ್ಲ, ಎರಡ ಅದಾವ. ಮೂತಿಗೆ ಮೂತಿ ಹಚ್ಚಿ ನಿಂತಾವ. ಹಂಗಂದ್ರ ಮಿಲಿಟರಿಯವ್ರು ಇದನ್ನ ಹೊರಗ ಮಾರ್‍ಯಾರ. ಲಿಲಾವು ಹರಾಜಿನ್ಯಾಗ ಯಾರ ಬೇಕಾದ್ರೂ ತೊಗೊಂಡಿರಬಹುದು.”

“ಅಂದ್ರ ನಮ್ಮಪ್ಪ ಕಪ್ಪು ಬಸಿ ತೊಳದಾ ಅಂತೀರೇನು?”

“ನಾ ಏನೂ ಅನ್ನಾಕತ್ತಿಲ್ಲ. ಸ್ಟೋ ಅನ್ನಾಕತ್ತೈತಿ.”

ಆಗ ನಾನು ಒಂದು ತಪ್ಪು ಮಾತಾಡಿದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. “ಕಾಕಾರೇ, ಮಿಲಿಟರಿ ಸ್ಟೋ ಎಂದಷ್ಟೇ ಬರೆದು ಕೊಡಿ. ಎರಡನೇ ಹೆಜ್ಜೆ ಯಾರಿಗೂ ಕಾಣುವುದಿಲ್ಲ,” ಎಂದೆ.

“ಸಿಸ್ಟರ್, ಥರ್ಮಾಮೀಟರ್ ನೂರಾ ಎರಡು ತೋರ್ಸಿದ್ರ ನೀವ ಚಾರ್ಟಿನ್ಯಾಗ ತೊಂಬತ್ತೆಂಟು ಬರೀತಿದ್ರೇನು?”

ಬರೆಯುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

ಗಂಗವ್ವ ಸಿಟ್ಟಿನಿಂದ ಸ್ಟೋ ಎತ್ತಿಕೊಳ್ಳಲು ಕೈ ಚಾಚಿದಳು. ಅವರು ಬಿಡಲಿಲ್ಲ. “ಎಂಟ ದಿನ ಬಿಟ್ಟು ಹೋಗವ್ವಾ. ಹೌದು ಅನ್ನಾಕ ನನಗೂ ಆಸೆ ಐತಿ. ಆಸೆಲೆ ಹೌದು ಅಂದ್ರ ನಿನ್ನ ಊರವ್ರು ನಗತಾರ, ಮತ್ತ ಎಪ್ಪತ್ತ ವರ್ಷ ನಗತಾರ.”

ಒಂಬತ್ತನೆಯ ದಿನ ಬೆಳಿಗ್ಗೆ ಕರೆ ಬಂತು. ಹೋದಾಗ ಅಂಗಡಿಯಲ್ಲಿ ಸ್ಟೂಲು ಒರೆಸಿಟ್ಟು, ಚಹಾ ಮೊದಲೇ ತರಿಸಿದ್ದರು.

ಟಾಕಿಯ ತಳದಲ್ಲಿ ಮೊದಲಿನಿಂದಲೂ ಚುಕ್ಕಿ ಚುಕ್ಕಿಯಾಗಿ ‘ಗಂಗವ್ವ’ ಎಂದಿತ್ತು. ಮದುವೆಯಲ್ಲಿ ತಾಯಿ ಈ ಸ್ಟೋವನ್ನು ಕೊಡ, ತಾಟುಗಳ ಜೊತೆ ಮಗಳಿಗೆ ಕೊಟ್ಟಿದ್ದಳು. ಕೊಡುವ ಪಾತ್ರೆಗೆಲ್ಲ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಭಾಂಡೆ ಅಂಗಡಿಯವನು ಇದಕ್ಕೂ ಉಳಿ ಬಡಿದು ಹಾಕಿದ್ದ. ಎಲ್ಲರೂ ಆ ಹೆಸರನ್ನು ಓದಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಕಾಕಾ ಎಂಟು ದಿನ ಆ ಚುಕ್ಕಿಗಳ ನಡುವಿನ ಜಾಗವನ್ನು ಓದಿದ್ದರು. ಮಸಿ ಹಿಡಿದು, ಒರೆಸಿ, ಮೇಲೆ ತೆಳು ಕಾಗದವಿಟ್ಟು ಒತ್ತಿ ಅಚ್ಚು ತೆಗೆದು, ಹೀಗೆ ಹದಿನಾಲ್ಕು ಕಾಗದ. ಆ ಹೆಸರಿನ ಚುಕ್ಕಿಗಳ ಅಡಿಯಲ್ಲೇ, ಚೂಪು ಮೊಳೆಯಿಂದ ಕೈಯಲ್ಲಿ ಗೀಚಿದ ಆರು ಅಂಕಿ ಇದ್ದವು.

“ಹಾಸ್ಟೆಲ್ ಹುಡುಗ್ರು ತಾಟಿಗೆ ತಮ್ಮ ನಂಬರ್ ಗೀಚಂಗಿಲ್ಲೇನು? ಹಂಗ ಸಿಪಾಯಿಗೋಳು. ಲಾರಿ ಸಾಲು ನಿಂತಾಗ ಸ್ಟೋ ಅದಲು ಬದಲು ಆಗಬಾರದು ಅಂತ,” ಎಂದರು. “ಈಗ ಇಲ್ಲಿ ನೋಡ್ರಿ. ಎರಡನೇ ಕೋಳಿಯ ಬೆರಳು ಕಡೀ ಅಂಕಿ ಮ್ಯಾಲೆ ಹಾದು ಹೋಗೇತಿ. ಗೀರು ಕೆಳಗ, ಮುದ್ರಿ ಮ್ಯಾಲ. ಸುಣ್ಣದ ಗ್ವಾಡಿ ಮ್ಯಾಲೆ ಬಣ್ಣ ಹಚ್ಚಿದಂಗ. ಮೊದ್ಲ ಯಾವುದು?”

“ಕೆಳಗಿಂದು,” ಎಂದಳು ಗಂಗವ್ವ.

“ಹಾಂ. ಮಾರೋಕಿಂತ ಮೊದ್ಲ, ಸ್ಟೋ ಇನ್ನೂ ಮಿಲಿಟರಿ ಒಳಗ ಇದ್ದಾಗನ, ಈ ನಂಬರಿನ ಸಿಪಾಯಿ ಇದನ್ನ ಇಟಗೊಂಡಿದ್ದ. ಅಂವ ಯಾರು ಅಂತ ಸ್ಟೋಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ದಾಖಲಿ ಕಚೇರಿಯವ್ರಿಗೆ ಗೊತ್ತಿರತೈತಿ. ನಿಮ್ಮಪ್ಪ ಆಗಿದ್ರ ಅಪ್ಪ. ಬ್ಯಾರೆ ಯಾರರ ಆಗಿದ್ರ, ಯವ್ವಾ, ಆ ಹೆಸರನ್ನೂ ನಾನ ನಿನಗ ಓದಿ ಹೇಳ್ತೀನಿ. ನಡೀತೈತಿ?”

ಗಂಗವ್ವ ಚಹಾ ಮುಟ್ಟಿರಲಿಲ್ಲ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, “ಬರೀರಿ ಸಿಸ್ಟರ್,” ಎಂದಳು.

ಒಂದು ತೊಡಕಿತ್ತು. ನಾಲ್ಕನೆಯ ಅಂಕಿಯ ಮೇಲೆ ಭಾಂಡೆ ಅಂಗಡಿಯವನ ಚುಕ್ಕಿಗಳು ದಟ್ಟವಾಗಿ ಬಿದ್ದು, ಅದು ಮೂರೋ ಎಂಟೋ ತಿಳಿಯದಂತಾಗಿತ್ತು. ಒಂದನ್ನು ಊಹಿಸಿ ಎಂದರೆ ಕಾಕಾ ಒಪ್ಪಲಿಲ್ಲ. ಎರಡೂ ನಂಬರು ಬರೆದೆ. ಅಚ್ಚಿನ ಕಾಗದಗಳ ಪ್ರತಿ, ಗಂಗವ್ವನ ಅರ್ಜಿ, ತಂದೆಯ ಊರು, ಅಜ್ಜನ ಹೆಸರು, ಎಲ್ಲವನ್ನೂ ಕ್ರಮವಾಗಿ ಲಗತ್ತಿಸಿ ಸೈನ್ಯದ ದಾಖಲೆ ಕಚೇರಿಗೆ ರಿಜಿಸ್ಟರ್ ಅಂಚೆ ಮಾಡಿದೆ. ಹದಿನೈದು ದಿನಕ್ಕೊಂದು ನೆನಪೋಲೆ. ಅದು ನನ್ನ ಪಾಲಿನ ಕೆಲಸ, ತಪ್ಪಲಿಲ್ಲ.

ಮೂರು ತಿಂಗಳಾಯಿತು. ಊರಿನಲ್ಲಿ ಕಲ್ಲು ಬಂತು, ಹೆಸರುಗಳು ಕೆತ್ತಿಯಾದವು. ಗಂಗವ್ವ ಹವಾಲ್ದಾರರನ್ನು ಮತ್ತೆ ಕಂಡು ಬಂದಳು. ಅವರು, “ಕಡೀ ಸಾಲು ಖಾಲಿ ಬಿಡ ಅಂತ ಹೇಳೀನಿ ಕಲ್ಲುಕುಟಿಗಗ. ಹದಿನಾಲ್ಕನೇ ತಾರೀಖು ಸಂಜಿತನಕ,” ಎಂದರಂತೆ. ಕಾಕಾ ಆ ದಿನಗಳಲ್ಲಿ ಹುಲಿಗಿಗೂ ಹೋಗಲಿಲ್ಲ, ಕುಷ್ಟಗಿಯ ಸಂತೆಗೂ ಹೋಗಲಿಲ್ಲ. ಪೋಸ್ಟ್‌ಮನ್ ಹಾದು ಹೋಗುವ ಹೊತ್ತಿಗೆ ನನ್ನ ಮನೆಯ ಎದುರಿನ ಕಟ್ಟೆಯಲ್ಲಿ ಏನೋ ಕೆಲಸವಿದ್ದವರಂತೆ ಕೂತಿರುತ್ತಿದ್ದರು. ಕೇಳಿದರೆ, “ಗಾಳಿ ಛಲೋ ಐತ್ರಿ ಇಲ್ಲಿ,” ಎನ್ನುತ್ತಿದ್ದರು. ಅಲ್ಲಿ ಗಾಳಿಯೇ ಬೀಸುವುದಿಲ್ಲ.

ಆಗಸ್ಟ್ ಹನ್ನೊಂದರಂದು ಲಕೋಟೆ ಬಂತು. ಗಂಗವ್ವನನ್ನು ಕರೆಸಿದೆ. ಮೂವರೂ ನಿಂತೇ ಇದ್ದೆವು. ಓದಿದೆ. ಮೊದಲ ನಂಬರು, ನಾಲ್ಕನೆಯ ಅಂಕಿ ಮೂರು ಎಂದು ಬರೆದದ್ದು, ದೂರದ ಬೇರೊಂದು ಪ್ರಾಂತದವನದು. ಗಂಗವ್ವ ಕಣ್ಣು ಮುಚ್ಚಿದಳು. ಎರಡನೆಯದು, ಎಂಟು ಎಂದು ಬರೆದದ್ದು: ಯಮನಪ್ಪ, ತಂದೆಯ ಹೆಸರು ಸರಿ, ಊರು ಸರಿ, ತಾಲ್ಲೂಕು ಯಲಬುರ್ಗಾ, ಭರ್ತಿಯಾದದ್ದು ಗದಗ, ಕೆಲಸ ಲಾರಿ ಚಾಲಕ.

ಕಾಕಾ ಕಾಗದ ಇಸಿದುಕೊಂಡು, ಎಡ ಹೆಬ್ಬೆರಳಿನಿಂದ ಆ ಎಂಟನ್ನು ಒಮ್ಮೆ ತಡವಿದರು. “ಎಂಟ,” ಎಂದರು. ಆ ಒಂದು ಮಾತನ್ನು ಅವರು ಹೇಳಿದ ರೀತಿಯಲ್ಲಿ ಅವರ ಇಪ್ಪತ್ತು ವರ್ಷದ ಅಲೆದಾಟಕ್ಕೆ ಪದಕ ಸಿಕ್ಕಂತಿತ್ತು. ಆಮೇಲೆ ಕಟ್ಟೆಯ ಮೇಲೆ ಕೂತು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಹವಾಲ್ದಾರರು ಮಾತಿಗೆ ತಪ್ಪಲಿಲ್ಲ. ಕಾಗದವನ್ನು ಎರಡು ಸಲ ಓದಿ, ಕಲ್ಲುಕುಟಿಗನ ಪಕ್ಕ ತಾವೇ ನಿಂತು ಕೆತ್ತಿಸಿದರು.

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಒಂಬತ್ತಕ್ಕೆ ಧ್ವಜ ಏರಿತು. ಶಾಲೆಯ ಅಂಗಳ ತುಂಬಿತ್ತು. ಕಾಕಾರಿಗೆ ಮುಂದೆ ಕುರ್ಚಿ ಹಾಕಿದ್ದರು. ಒಲ್ಲೆ ಎಂದು ಎಲ್ಲರ ಹಿಂದೆ ಬೇವಿನ ಗಿಡದ ಕೆಳಗೆ ನಿಂತರು. ಹವಾಲ್ದಾರರು ಕಲ್ಲಿನ ಮೇಲಿನ ಬಟ್ಟೆ ಸರಿಸಿ ಹೆಸರುಗಳನ್ನು ಒಂದೊಂದಾಗಿ ಓದಿದರು. ಕಡೆಯ ಸಾಲು ಬಂತು: “ಸಿಪಾಯಿ ಯಮನಪ್ಪ.”

ಹಿಂದಿನಿಂದ ಒಂದು ದನಿ ಎದ್ದಿತು. “ಕಡೀ ಹೆಸರು ಹಿಂದ ಕೇಳಸ್ಲಿಲ್ರಿ! ಜೋರಾಗಿ ಓದ್ರಿ!” ತಿರುಗಿ ನೋಡಿದರೆ ಕಾಕಾ. ಯಾವತ್ತೂ ದನಿ ಎತ್ತದ ಮನುಷ್ಯ, ಕೈಯನ್ನು ಬಾಯಿಯ ಸುತ್ತ ಹಿಡಿದು ಕೂಗುತ್ತಿದ್ದರು.

ಹವಾಲ್ದಾರರು ಮೈಕನ್ನು ಹತ್ತಿರ ಎಳೆದುಕೊಂಡು, ಎದೆ ಸೆಟೆಸಿ ಮತ್ತೆ ಓದಿದರು. “ಸಿಪಾಯಿ ಯಮನಪ್ಪ!” ಅಂಗಳದ ಗೋಡೆಗೆ ಬಡಿದು ದನಿ ವಾಪಸು ಬಂತು.

ಮುಂದಿನ ಸಾಲಿನಲ್ಲಿ ಗಂಗವ್ವ ಎದ್ದು ನಿಂತಳು. “ಇನ್ನೊಮ್ಮೆ ಓದ್ರಿ.”

ಪಕ್ಕದಲ್ಲಿದ್ದ ಮುದುಕನೊಬ್ಬ ಅವಳ ಸೆರಗು ಜಗ್ಗಿ, “ಎಷ್ಟ ಸಲ ಓದಬೇಕವ್ವಾ? ನಿನ್ನ ಕಿವಿ ಮಂದ ಆಗ್ಯಾವೇನು?” ಎಂದ.

“ನನಗ ಮೊದ್ಲನೇ ಸಲಾನ ಕೇಳೇತಿ,” ಎಂದಳು ಗಂಗವ್ವ, ಅವನ ಕಡೆ ತಿರುಗಿಯೂ ನೋಡದೆ. “ಊರಿಗೆ ಕೇಳಬೇಕಲ್ಲ. ಓದ್ರಿ ಹವಾಲ್ದಾರ್ರ.”

ಹವಾಲ್ದಾರರು ಓದಿದರು.